ಬಸ್ಸು ಏಕೆ ನಿಂತಿತು? ‘ವೈ’ ಎಂಬ ಪ್ರಶ್ನೆಯೊಳಗಿನ ವಿಭಕ್ತಿ

ರಾತ್ರಿ ಬಸ್ಸು. ಎಲ್ಲರಿಗೂ ಜೊಂಪು ಹತ್ತಿದೆ. ಊರೋ ಕಾಡೋ ಗೊತ್ತಾಗದ ಒಂದು ಕಡೆ ಬಸ್ಸು ಗಕ್ಕನೆ ನಿಲ್ಲುತ್ತದೆ. ಮುಂದಿನ ಸೀಟಿನ ಹಿರಿಯರು ಕಣ್ಣುಜ್ಜಿಕೊಂಡು ಕಂಡಕ್ಟರನ್ನು ಕೇಳುತ್ತಾರೆ: ‘ಏಕಪ್ಪಾ ನಿಂತಿತು?’ ಕಂಡಕ್ಟರ್ ಎರಡು ಬಗೆಯಲ್ಲಿ ಉತ್ತರ ಕೊಡಬಹುದು. ‘ಟೈರು ಪಂಕ್ಚರ್ ಆದದ್ದರಿಂದ’ ಎನ್ನಬಹುದು. ಇಲ್ಲವೇ ‘ಊಟಕ್ಕೆ’ ಎನ್ನಬಹುದು. ಪ್ರಶ್ನೆ ಒಂದೇ, ಉತ್ತರದ ಕೊನೆಯಲ್ಲಿ ಕುಳಿತ ಪ್ರತ್ಯಯ ಬೇರೆ ಬೇರೆ. ಒಂದರಲ್ಲಿ ‘ಇಂದ’, ಇನ್ನೊಂದರಲ್ಲಿ ‘ಕ್ಕೆ’. ಮೊದಲನೆಯದು ಹಿಂದೆ ನಡೆದು ಹೋದ ಸಂಗತಿಯನ್ನು ತೋರಿಸುತ್ತದೆ. ಎರಡನೆಯದು ಮುಂದೆ ನಡೆಯಬೇಕಾದದ್ದನ್ನು. ಕಾರಣ ಒಂದು, ಉದ್ದೇಶ ಇನ್ನೊಂದು.

ಇಂಗ್ಲಿಷಿನ ‘ವೈ’ ಎಂಬ ಪುಟ್ಟ ಪ್ರಶ್ನಾಪದದ ಕಥೆಯನ್ನು ಹೇಳಲು ಈ ಬಸ್ಸಿಗಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ. ಆ ಪದದೊಳಗೆ ಒಂದು ವಿಭಕ್ತಿ ಪ್ರತ್ಯಯ ಅಡಗಿ ಕುಳಿತಿದೆ. ಇಂದಿನ ಇಂಗ್ಲಿಷರ ಕಣ್ಣಿಗೆ ಅದು ಕಾಣುವುದಿಲ್ಲ, ಏಕೆಂದರೆ ಅವರ ಭಾಷೆಯಲ್ಲಿ ನಾಮಪದಗಳ ವಿಭಕ್ತಿಗಳು ಬಹುಪಾಲು ಸವೆದುಹೋಗಿವೆ. ನಾವಾದರೋ ಪ್ರಾಥಮಿಕ ಶಾಲೆಯಲ್ಲಿಯೇ ‘ಉ, ಅನ್ನು, ಇಂದ, ಗೆ-ಕೆ-ಕ್ಕೆ, ದೆಸೆಯಿಂದ, ಅ, ಅಲ್ಲಿ’ ಎಂದು ರಾಗವಾಗಿ ಕಂಠಪಾಠ ಮಾಡಿದವರು. ಆದ್ದರಿಂದ ‘ವೈ’ ಪದದ ಒಳಗುಟ್ಟು ಕನ್ನಡಿಗರಿಗೆ ಎಷ್ಟು ಬೇಗ ತಿಳಿಯುತ್ತದೆಯೋ ಅಷ್ಟು ಬೇಗ ಸ್ವತಃ ಇಂಗ್ಲಿಷ್ ಮಾತನಾಡುವವರಿಗೂ ತಿಳಿಯಲಾರದು ಎಂಬುದು ನನ್ನ ನಂಬಿಕೆ.

ಸುಮಾರು ಸಾವಿರ ವರ್ಷಗಳ ಹಿಂದೆ, ಅಂದರೆ ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆಲ್ಲುವ ಮೊದಲು, ಆ ನಾಡಿನಲ್ಲಿ ಆಡುತ್ತಿದ್ದ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ, ಸರ್ವನಾಮಗಳಿಗೆ ನಮ್ಮಲ್ಲಿರುವಂತೆ ವಿಭಕ್ತಿಗಳಿದ್ದವು. ‘ಯಾರು’ ಎನ್ನಲು ‘ಹ್ವಾ’, ‘ಏನು’ ಎನ್ನಲು ‘ಹ್ವೆತ್’. ಇವೇ ಇಂದಿನ ‘ಹೂ’ ಮತ್ತು ‘ವಾಟ್’. ಈ ಸರ್ವನಾಮಕ್ಕೆ ತೃತೀಯಾ ವಿಭಕ್ತಿ ಸೇರಿದಾಗ, ಅಂದರೆ ‘ಯಾವುದರಿಂದ’ ಎಂದು ಹೇಳಬೇಕಾದಾಗ, ಬರುತ್ತಿದ್ದ ರೂಪ ‘ಹ್ವೀ’. ಅದೇ ಕಾಲಾಂತರದಲ್ಲಿ ‘ವೈ’ ಆಯಿತು. ಅಂದರೆ ‘ವೈ’ ಎಂಬುದು ಸ್ವತಂತ್ರವಾಗಿ ಹುಟ್ಟಿದ ಪದವಲ್ಲ. ಅದು ‘ವಾಟ್’ ಪದದ ತೃತೀಯಾ ವಿಭಕ್ತಿ ರೂಪ. ‘ಏನು’ ಎಂಬುದಕ್ಕೆ ‘ಇಂದ’ ಹಚ್ಚಿದಂತೆ. ‘ಏತರಿಂದ?’ ಎನ್ನುವ ನಮ್ಮ ಹಳೆಯ ಮಾತು ಅದರ ತದ್ರೂಪು.

ಈಗ ನಮ್ಮ ‘ಏಕೆ’ಯನ್ನು ಬಿಡಿಸಿ ನೋಡಿ. ‘ಏ’ ಎಂದರೆ ಏನು. ಹಳಗನ್ನಡದಲ್ಲಿ ‘ಏಗೆಯ್ವೆಂ’ ಎಂದರೆ ‘ಏನು ಮಾಡಲಿ’. ಅಲ್ಲಿರುವುದೂ ಇದೇ ‘ಏ’. ಅದರ ಮೇಲೆ ಬಂದು ಕುಳಿತ ‘ಕೆ’ ನಮ್ಮ ಚತುರ್ಥಿ ಪ್ರತ್ಯಯ. ಮನೆಗೆ, ಊರಿಗೆ, ಊಟಕ್ಕೆ ಎಂಬಲ್ಲಿ ಬರುವ ಅದೇ ಗೆ-ಕೆ-ಕ್ಕೆ. ‘ಏತಕ್ಕೆ’, ‘ಯಾತಕ್ಕೆ’, ಕರಾವಳಿ-ಮಲೆನಾಡಿನ ‘ಎಂತಕ್ಕೆ’ ಎಲ್ಲವೂ ಇದೇ ಕಟ್ಟಡ. ಆದ್ದರಿಂದ ಪದಗಳ ಮೈಕಟ್ಟನ್ನಷ್ಟೇ ನೋಡಿ ಹೇಳುವುದಾದರೆ, ಇಂಗ್ಲಿಷಿನವನು ‘ವೈ’ ಎಂದಾಗ ‘ಯಾವುದರಿಂದ ಹೀಗಾಯಿತು’ ಎಂದು ಕೇಳುತ್ತಾನೆ, ಕನ್ನಡಿಗ ‘ಏಕೆ’ ಎಂದಾಗ ‘ಯಾವುದಕ್ಕಾಗಿ ಇದು’ ಎಂದು ಕೇಳುತ್ತಾನೆ. ಒಬ್ಬನದು ಪಂಕ್ಚರಿನ ಪ್ರಶ್ನೆ, ಇನ್ನೊಬ್ಬನದು ಊಟದ ಪ್ರಶ್ನೆ.

ಇಷ್ಟು ಹೇಳಿ, ಕೂಡಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದರಿಂದ ಇಂಗ್ಲಿಷರು ಕಾರಣವನ್ನು ಮಾತ್ರ ಯೋಚಿಸುತ್ತಾರೆ, ಕನ್ನಡಿಗರು ಉದ್ದೇಶವನ್ನು ಮಾತ್ರ ಯೋಚಿಸುತ್ತಾರೆ ಎಂದು ತೀರ್ಮಾನಿಸಿದರೆ ದೊಡ್ಡ ತಪ್ಪಾಗುತ್ತದೆ. ಬಸ್ಸಿನಲ್ಲಿ ಎದ್ದ ಹಿರಿಯರಿಗೆ ಎರಡೂ ಉತ್ತರಗಳು ಸರಿಯಾಗಿಯೇ ಹೊಂದುತ್ತವೆ, ಇಂಗ್ಲಿಷಿನಲ್ಲಿಯೂ ಹಾಗೆಯೇ. ಪದ ಹುಟ್ಟಿದ್ದು ಒಂದು ಅರ್ಥದಿಂದ, ಬೆಳೆದದ್ದು ಎರಡನ್ನೂ ಹೊತ್ತುಕೊಂಡು. ಆದರೆ ಹುಟ್ಟಿನ ಗುರುತು ಪೂರ್ತಿ ಅಳಿಸಿಯೂ ಹೋಗುವುದಿಲ್ಲ. ಮನೆಗೆ ಬಂದ ನೆಂಟರು ‘ಕಾಫಿ ಏಕೆ, ಈಗ ತಾನೇ ಕುಡಿದೆವು’ ಎನ್ನುತ್ತಾರೆ. ಆ ‘ಏಕೆ’ ಕಾಫಿಯ ಕಾರಣವನ್ನು ವಿಚಾರಿಸುತ್ತಿಲ್ಲ, ‘ಯಾವ ಅಗತ್ಯಕ್ಕೆ? ಬೇಡ’ ಎನ್ನುತ್ತಿದೆ. ‘ಅಂಗೈ ಹುಣ್ಣಿಗೆ ಕನ್ನಡಿ ಏಕೆ?’ ಎಂದಾಗಲೂ ಅಷ್ಟೇ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ‘ಲೋಕದ ಡೊಂಕ ನೀವೇಕೆ ತಿದ್ದುವಿರಿ?’ ಎಂದು ಕೇಳಿದಾಗ ಲೋಕವನ್ನು ತಿದ್ದಲು ಹೊರಟವರ ಹಿಂದಿನ ಕಾರಣಗಳ ಪಟ್ಟಿಯನ್ನು ಅವರು ಬಯಸಿರಲಿಲ್ಲ. ಅದರಿಂದ ಏನು ಪ್ರಯೋಜನ, ಮೊದಲು ನಿಮ್ಮನ್ನು ನೋಡಿಕೊಳ್ಳಿ ಎಂಬುದು ಅಲ್ಲಿನ ಧ್ವನಿ. ಆ ‘ಏಕೆ’ಯೊಳಗಿನ ಚತುರ್ಥಿ ಇನ್ನೂ ಉಸಿರಾಡುತ್ತಿದೆ.

ಇನ್ನು ‘ವೈ’ಯ ವಂಶವೃಕ್ಷ. 1786ರ ಫೆಬ್ರವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಮಾಡಿದ ಭಾಷಣ ಪ್ರಸಿದ್ಧವಾದದ್ದು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ನಡುವಿನ ಹೋಲಿಕೆ ಕಾಕತಾಳೀಯವಲ್ಲ, ಅವೆಲ್ಲ ಒಂದೇ ಮೂಲದಿಂದ ಹೊರಟಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಎಂದು ಆತ ಹೇಳಿದ. ಜರ್ಮನ್, ಇಂಗ್ಲಿಷ್ ಮುಂತಾದವೂ ಅದೇ ಕುಟುಂಬದವು. ವಿದ್ವಾಂಸರು ಈ ಮೂಲಭಾಷೆಯನ್ನು ಇಂಡೋ-ಯುರೋಪಿಯನ್ ಎಂದು ಕರೆದು, ಅದರಲ್ಲಿ ಪ್ರಶ್ನಾಪದಗಳೆಲ್ಲ ‘ಕ್ವ’ ಎಂಬಂಥ ಒಂದು ಧ್ವನಿಯಿಂದ ಶುರುವಾಗುತ್ತಿದ್ದವು ಎಂದು ತೋರಿಸಿದ್ದಾರೆ.

ಆ ‘ಕ್ವ’ ಸಂಸ್ಕೃತದಲ್ಲಿ ‘ಕ’ ಆಯಿತು: ಕಃ, ಕಿಂ, ಕುತ್ರ, ಕದಾ, ಕಥಂ, ಕಸ್ಮಾತ್. ಲ್ಯಾಟಿನ್ನಿನಲ್ಲಿ ಹಾಗೆಯೇ ‘ಕ್ವ’ ಆಗಿ ಉಳಿಯಿತು: ಕ್ವಿಸ್ ಎಂದರೆ ಯಾರು, ಕ್ವಿದ್ ಎಂದರೆ ಏನು. ಜರ್ಮನ್-ಇಂಗ್ಲಿಷ್ ಕವಲಿನಲ್ಲಿ ಅದು ‘ಹ್ವ’ ಆಯಿತು. ಈ ‘ಕ’ದಿಂದ ‘ಹ’ಕ್ಕೆ ಆದ ಪಲ್ಲಟ ಎಲ್ಲೋ ಒಂದು ಪದದಲ್ಲಿ ನಡೆದದ್ದಲ್ಲ, ನಿಯಮದಂತೆ ಇಡೀ ಭಾಷೆಯಲ್ಲಿ ನಡೆದದ್ದು. 1822ರಲ್ಲಿ ಯಾಕೋಬ್ ಗ್ರಿಮ್ ಇಂಥ ಪಲ್ಲಟಗಳನ್ನು ಕ್ರಮವಾಗಿ ಬಿಡಿಸಿಟ್ಟ. ನಮ್ಮ ಬಾಯಲ್ಲೇ ಇರುವ ಒಂದು ಜೋಡಿಯಿಂದ ಇದನ್ನು ತಿಳಿಯಬಹುದು. ಬಸ್ಸಿನ ‘ಹಾರ್ನ್’ ಎಂದರೆ ಮೂಲತಃ ಕೊಂಬು. ಊದುವ ಕೊಂಬಿನಿಂದ ಬಂದ ಹೆಸರು. ಲ್ಯಾಟಿನ್ನಿನಲ್ಲಿ ಕೊಂಬಿಗೆ ‘ಕೋರ್ನು’. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಕೊಂಬಿನಂತೆ ಗಟ್ಟಿ ಎಂಬ ಭಾವನೆಯಿಂದ ಅದಕ್ಕೆ ಬಂದ ಹೆಸರು ‘ಕಾರ್ನಿಯಾ’. ಹಾರ್ನ್ ಮತ್ತು ಕಾರ್ನಿಯಾ ಒಂದೇ ಬೇರಿನ ಎರಡು ಚಿಗುರುಗಳು. ಒಂದರಲ್ಲಿ ‘ಕ’ ಉಳಿದಿದೆ, ಇನ್ನೊಂದರಲ್ಲಿ ‘ಹ’ ಆಗಿದೆ.

ಹೀಗೆ ನೋಡಿದಾಗ ‘ವೈ’ಯ ನೆಂಟರಿಷ್ಟರು ನಮ್ಮ ಪತ್ರಿಕೆಗಳಲ್ಲಿ ದಿನವೂ ಓಡಾಡುತ್ತಿರುವುದು ಕಾಣುತ್ತದೆ. ಪಂಚಾಯಿತಿ ಸಭೆ ‘ಕೋರಂ’ ಇಲ್ಲದೆ ಮುಂದಕ್ಕೆ ಹೋಯಿತು ಎಂದು ಓದುತ್ತೇವಲ್ಲ, ಆ ಕೋರಂ ಎಂದರೆ ಲ್ಯಾಟಿನ್ನಿನಲ್ಲಿ ‘ಯಾರ ಪೈಕಿ’. ಇಂಗ್ಲೆಂಡಿನಲ್ಲಿ ನ್ಯಾಯಾಧಿಕಾರಿಗಳನ್ನು ನೇಮಿಸುವ ಆದೇಶದಲ್ಲಿ ‘ಯಾರ ಪೈಕಿ ಇಂಥವರು ಇರಲೇಬೇಕು’ ಎಂದು ಬರೆಯುತ್ತಿದ್ದರು. ಆ ವಾಕ್ಯದ ಮೊದಲ ಪದವೇ ಹೆಸರಾಗಿ ನಿಂತಿತು. ‘ಕೋಟಾ’ ಎಂದರೆ ‘ಎಷ್ಟನೆಯ ಪಾಲು’. ಕ್ವಾಲಿಟಿ ‘ಎಂಥದು’ ಎಂಬುದರಿಂದ, ಕ್ವಾಂಟಿಟಿ ‘ಎಷ್ಟು’ ಎಂಬುದರಿಂದ ಬಂದವು. ಇತ್ತ ಸಂಸ್ಕೃತದ ಕಡೆಯಿಂದ ಕನ್ನಡಕ್ಕೆ ಬಂದ ‘ಕಿಂವದಂತಿ’ಯನ್ನು ಬಿಡಿಸಿದರೆ ‘ಏನು ಹೇಳುತ್ತಾರೆ?’ ಎಂದಾಗುತ್ತದೆ. ‘ಕಿಂಕರ್ತವ್ಯಮೂಢ’ ಎಂದರೆ ಏನು ಮಾಡಬೇಕೆಂದು ತೋಚದವನು. ‘ಕಿಂಕರ’ ಎಂದರೆ ‘ಏನು ಮಾಡಲಿ’ ಎಂದು ಕೈಕಟ್ಟಿ ನಿಂತವನು ಎಂಬುದು ಸಾಂಪ್ರದಾಯಿಕ ವಿವರಣೆ. ಪ್ರಶ್ನೆಯೇ ನಾಮಪದವಾಗಿ ಗಟ್ಟಿಗೊಂಡ ಪದಗಳಿವು.

ಆದರೆ ‘ವೈ’ಗೆ ಅತ್ಯಂತ ಹತ್ತಿರದ ಸಂಬಂಧಿ ಇವರಲ್ಲಿ ಯಾರೂ ಅಲ್ಲ. ಅದು ಒಂದು ಉಪನಿಷತ್ತಿನ ಹೆಸರಿನಲ್ಲಿದೆ. ‘ಕೇನೇಷಿತಂ ಪತತಿ ಪ್ರೇಷಿತಂ ಮನಃ’ ಎಂದು ಶುರುವಾಗುವ ಕೇನೋಪನಿಷತ್ತು. ಯಾವುದರಿಂದ ಪ್ರೇರಿತವಾಗಿ ಮನಸ್ಸು ಹೀಗೆ ಹಾರುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ‘ಕೇನ’ ಎಂದರೆ ಯಾರಿಂದ, ಯಾವುದರಿಂದ. ಅದೇ ‘ಕ್ವ’ ಮೂಲ, ಅದೇ ತೃತೀಯಾ ವಿಭಕ್ತಿ. ಪ್ರತ್ಯಯದ ರೂಪ ಎರಡು ಭಾಷೆಗಳಲ್ಲಿ ಬೇರೆ ಬೇರೆಯಾಗಿದೆ, ಆದರೆ ಬೀಜ ಮತ್ತು ವಿಭಕ್ತಿ ಒಂದೇ. ಮಗುವೊಂದು ಇಂಗ್ಲಿಷ್ ಶಾಲೆಯಲ್ಲಿ ‘ವೈ’ ಎಂದು ಬಾಯಿ ತೆರೆದಾಗಲೆಲ್ಲ ‘ಕೇನ’ ಎಂಬ ಋಷಿಯ ಪ್ರಶ್ನೆಯ ದೂರದ ದಾಯಾದಿ ಅದರ ಬಾಯಲ್ಲಿರುತ್ತದೆ. ಈ ಸಂಬಂಧವನ್ನು ಮೊದಲ ಬಾರಿ ಅರಿತ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಕನ್ನಡದ ‘ಏಕೆ’ಗೆ ಈ ಕುಟುಂಬದೊಂದಿಗೆ ರಕ್ತಸಂಬಂಧವಿಲ್ಲ. ಅದರ ‘ಕೆ’ಯನ್ನು ನೋಡಿ ಸಂಸ್ಕೃತದ ‘ಕ’ ಎಂದು ಭ್ರಮಿಸಬಾರದು. ನಮ್ಮದು ದ್ರಾವಿಡ ಚತುರ್ಥಿ. ನಮ್ಮ ಪ್ರಶ್ನಾಪದಗಳ ಗುರುತು ಮೊದಲಿಗಿರುವ ‘ಎ’, ‘ಏ’, ‘ಯಾ’: ಎಲ್ಲಿ, ಎಷ್ಟು, ಏನು, ಯಾರು, ಯಾವಾಗ.

‘ಹ್ವೀ’ ಹೇಗೆ ‘ವೈ’ ಆಯಿತು ಎಂಬುದು ಮುಂದಿನ ಮಾತು. ಇಂಗ್ಲಿಷ್ ಕಲಿಯುವ ಪ್ರತಿಯೊಂದು ಮಗುವನ್ನೂ ಕಾಡುವ ಪ್ರಶ್ನೆಗೆ ಉತ್ತರ ಇಲ್ಲಿದೆ. ವೈ, ವಾಟ್, ವೆನ್, ವೇರ್ ಪದಗಳಲ್ಲಿ ಡಬ್ಲ್ಯೂ ಆದ ಮೇಲೆ ಒಂದು ಎಚ್ ಬರುತ್ತದೆ. ಉಚ್ಚಾರದಲ್ಲಿ ಅದು ಕೇಳಿಸುವುದೇ ಇಲ್ಲ. ಮಕ್ಕಳು ಅದನ್ನು ಬಿಟ್ಟು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ‘ಹ’ ಮೊದಲು, ‘ವ’ ಆಮೇಲೆ. ಬರೆಯುತ್ತಿದ್ದುದೂ ಹಾಗೆ, ನುಡಿಯುತ್ತಿದ್ದುದೂ ಹಾಗೆ. ನಾರ್ಮನ್ನರ ಆಳ್ವಿಕೆ ಬಂದ ಮೇಲಿನ ಲಿಪಿಕಾರರು ಈ ಎರಡು ಅಕ್ಷರಗಳ ಸ್ಥಾನವನ್ನು ಅದಲು ಬದಲು ಮಾಡಿದರು. ಆಗ ಬರವಣಿಗೆಯಲ್ಲಿ ಎಚ್‌ನಿಂದ ಮುಗಿಯುವ ಅಕ್ಷರಜೋಡಿಗಳು ಬೇರೆಯೂ ಇದ್ದವು. ಇದನ್ನೂ ಆ ಸಾಲಿಗೆ ಸೇರಿಸಿದರು. ಉಚ್ಚಾರ ಮಾತ್ರ ‘ಹ್ವ’ ಆಗಿಯೇ ಇತ್ತು. ಮುಂದೆ ದಕ್ಷಿಣ ಇಂಗ್ಲೆಂಡಿನಲ್ಲಿ ‘ಹ’ ಬಿದ್ದುಹೋಗಿ ಬರಿಯ ‘ವ’ ಉಳಿಯಿತು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಹಾಗೂ ಅಮೆರಿಕದ ದಕ್ಷಿಣದ ಕೆಲವು ಕಡೆ ಇಂದಿಗೂ ‘ಹ್ವೈ’ ಎನ್ನುವವರಿದ್ದಾರೆ.

ಉತ್ತರ ಕರ್ನಾಟಕದ ಅಚ್ಚಿನಲ್ಲಿ ‘ವ್ಹೀಲ್’, ‘ವ್ಹಾಟ್ಸ್ಆ್ಯಪ್’ ಎಂಬ ಬರಹವನ್ನು ನೀವು ನೋಡಿರಬಹುದು. ಮರಾಠಿಯ ಬರಹದಲ್ಲಿಯೂ ಇದು ರೂಢಿ. ಲಂಡನ್ನಿನವರ ಬಾಯಿಂದ ಬಿದ್ದುಹೋದ ಆ ‘ಹ’ಕಾರ ನಮ್ಮ ಧಾರವಾಡ-ಬೆಳಗಾವಿ ಕಡೆಯ ಅಕ್ಷರಗಳಲ್ಲಿ ಜಾಗ ಪಡೆದಿದೆ.

ಇನ್ನು ಸ್ವರ. 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಒಂದರ ಹಿಂದೆ ಒಂದು ಜಾಗ ಬದಲಿಸಿದವು. ‘ಈ’ ಎಂಬುದು ‘ಐ’ ಆಯಿತು, ‘ಊ’ ಎಂಬುದು ‘ಔ’ ಆಯಿತು. ‘ಹ್ವೀ’ ಹೀಗೆ ‘ಹ್ವೈ’ ಆಗಿ, ‘ಹ’ ಉದುರಿ ‘ವೈ’ ಆಗಿ ನಿಂತಿತು. ಹಳೆಯ ‘ಹೂಸ್’ ಇಂದಿನ ‘ಹೌಸ್’ ಆದದ್ದೂ ಇದೇ ಹೊತ್ತಿನಲ್ಲಿ.

‘ಊ’ ‘ಔ’ ಆದ ಇನ್ನೊಂದು ಪದ ನಮಗೆ ಇಲ್ಲಿ ಮುಖ್ಯ. ಹಳೆಯ ಇಂಗ್ಲಿಷಿನ ‘ಹೂ’ ಇಂದಿನ ‘ಹೌ’ ಆಯಿತು; ‘ಹೇಗೆ’ ಎಂದು ಕೇಳುವ ಪದ. ಅದರ ಮೂಲವೂ ಇದೇ ಸರ್ವನಾಮದ ತೃತೀಯಾ ರೂಪವೇ. ‘ವೈ’ ಮತ್ತು ‘ಹೌ’ ಅಕ್ಕತಂಗಿಯರು. ‘ಯಾವುದರಿಂದ ಆಯಿತು’ ಎನ್ನುವುದಕ್ಕೂ ‘ಯಾವ ರೀತಿಯಿಂದ ಆಯಿತು’ ಎನ್ನುವುದಕ್ಕೂ ದೂರವೇನೂ ಇಲ್ಲವಲ್ಲ. ಮುಂದೆ ಇವರ ದಾರಿ ಬೇರೆಯಾದರೂ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಇಬ್ಬರೂ ಮತ್ತೆ ಭೇಟಿಯಾದರು: ಅಲ್ಲಿ ಹುಟ್ಟಿದ ‘ಹೌ ಕಮ್’ ಎಂಬ ನುಡಿಗಟ್ಟು ‘ಹೇಗೆ ಬಂತು’ ಎಂಬ ಪದಗಳಿಂದ ‘ಏಕೆ’ ಎಂದು ಕೇಳುತ್ತದೆ.

ಈ ಕುಟುಂಬದಲ್ಲಿ ಇನ್ನೊಬ್ಬ ಮಾರುವೇಷದ ಸದಸ್ಯನಿದ್ದಾನೆ. ಅವನನ್ನು ತೋರಿಸದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ‘ದ ಮೋರ್ ದ ಮೆರಿಯರ್’ ಎನ್ನುತ್ತಾರೆ, ಹೆಚ್ಚು ಜನ ಸೇರಿದಷ್ಟೂ ಹೆಚ್ಚು ಸಂತೋಷ ಎಂಬ ಅರ್ಥದಲ್ಲಿ. ಇಲ್ಲಿ ಎರಡು ಸಲ ಬಂದಿರುವ ‘ದ’ ಯಾವುದು? ‘ದ ಬುಕ್’ ಎನ್ನುವಾಗಿನ ‘ದ’ ಎಂದು ಮೇಷ್ಟ್ರುಗಳು ಕೂಡ ತಿಳಿಯುತ್ತಾರೆ. ಅಲ್ಲ. ಅದು ‘ದ್ಯಾಟ್’ ಪದದ ತೃತೀಯಾ ರೂಪ, ‘ಅದರಿಂದ’, ‘ಅಷ್ಟರಿಂದ’ ಎಂಬುದು. ಹಳೆಯ ಇಂಗ್ಲಿಷಿನಲ್ಲಿ ‘ಹ್ವೀ’ಗೆ ಉತ್ತರವಾಗಿ ಒಂದು ‘ಥೀ’ ಇತ್ತು: ಯಾವುದರಿಂದ, ಅದರಿಂದ. ಪ್ರಶ್ನೆಯ ಪದ ‘ವೈ’ ಆಗಿ ಮೆರೆಯಿತು. ಉತ್ತರದ ಪದ ಸವೆದು, ಬೇರೊಂದು ‘ದ’ದ ಮುಖವಾಡ ಧರಿಸಿ, ಈ ಒಂದು ಬಗೆಯ ವಾಕ್ಯಗಳಲ್ಲಿ ಮಾತ್ರ ಬದುಕುಳಿಯಿತು.

ಪ್ರಶ್ನೆ ಮತ್ತು ಉತ್ತರ ಹೀಗೆ ಪ್ರಾಸದಂತೆ ಹೊಂದುವುದು ನಮಗೆ ಹೊಸದಲ್ಲ. ಎಲ್ಲಿ, ಅಲ್ಲಿ, ಇಲ್ಲಿ. ಎಷ್ಟು, ಅಷ್ಟು, ಇಷ್ಟು. ಎಂಥ, ಅಂಥ, ಇಂಥ. ಇಂಗ್ಲಿಷಿನಲ್ಲಿ ವೇರ್, ದೇರ್, ಹಿಯರ್ ಇದೇ ಸಾಲು. ‘ಎಲ್ಲಿಗೆ, ಅಲ್ಲಿಗೆ, ಇಲ್ಲಿಗೆ’ ಎನ್ನಲು ವಿದರ್, ದಿದರ್, ಹಿದರ್ ಇದ್ದವು. ‘ಎಲ್ಲಿಂದ, ಅಲ್ಲಿಂದ, ಇಲ್ಲಿಂದ’ ಎನ್ನಲು ವೆನ್ಸ್, ದೆನ್ಸ್, ಹೆನ್ಸ್. ಸರ್ಕಾರಿ ಪತ್ರಗಳಲ್ಲಿ ‘ಆದ್ದರಿಂದ’ ಎಂದು ಬಳಸುವ ಆ ‘ಹೆನ್ಸ್’ ಮೂಲತಃ ‘ಇಲ್ಲಿಂದ’. ಮಕ್ಕಳಿಗೆ ಇಂಗ್ಲಿಷ್ ಪ್ರಶ್ನಾಪದಗಳನ್ನು ಕಲಿಸುವವರು ಒಮ್ಮೆ ಕರಿಹಲಗೆಯ ಮೇಲೆ ಎ-ಅ-ಇ ಸಾಲನ್ನೂ ಅದರ ಪಕ್ಕದಲ್ಲಿ ಈ ಸಾಲನ್ನೂ ಬರೆದು ತೋರಿಸಲಿ ಎಂದು ನನಗೆ ಬಹಳ ಆಸೆ.

ಜಗತ್ತಿನ ಬೇರೆ ಭಾಷೆಗಳು ‘ಏಕೆ’ಯನ್ನು ಹೇಗೆ ಕಟ್ಟಿಕೊಂಡಿವೆ? ಬಹಳ ಭಾಷೆಗಳಲ್ಲಿ ಅದು ‘ಏನು’ ಎಂಬುದಕ್ಕೆ ಏನನ್ನೋ ಅಂಟಿಸಿದ ಪದವೇ. ಫ್ರೆಂಚಿನ ‘ಪುರ್ಕ್ವಾ’ ಎಂದರೆ ‘ಏನಕ್ಕಾಗಿ’. ತೆಲುಗಿನ ‘ಎಂದುಕು’ ನಮ್ಮಂತೆ ಚತುರ್ಥಿ. ತುಳುವಿನ ‘ದಾಯೆಗ್’ ಕೂಡ. ಮಲಯಾಳಂ ಇನ್ನೂ ಸೂಕ್ಷ್ಮ: ಅಲ್ಲಿ ಉದ್ದೇಶ ಕೇಳಲು ‘ಎಂತಿನ್’, ಕಾರಣ ಕೇಳಲು ‘ಎಂತುಕೊಂಡ್’. ಬಸ್ಸು ನಿಂತಾಗ ಮಲಯಾಳಿ ಪ್ರಯಾಣಿಕ ತನ್ನ ಅನುಮಾನ ಪಂಕ್ಚರಿನ ಮೇಲೋ ಊಟದ ಮೇಲೋ ಎಂಬುದನ್ನು ಪ್ರಶ್ನೆಯಲ್ಲಿಯೇ ಹೇಳಿಬಿಡಬಲ್ಲ. ರಷ್ಯನ್ನರಿಗೂ ಇಂಥ ಎರಡು ಪದಗಳಿವೆ: ಕಾರಣಕ್ಕೆ ‘ಪಚೆಮು’, ಉದ್ದೇಶಕ್ಕೆ ‘ಜಚೆಮ್’. ಮಂಗಳೂರಿನ ಮಾರುಕಟ್ಟೆಯಲ್ಲಿ ನಿಂತರೆ ಈ ಪಾಠ ಕಿವಿಗೇ ಬೀಳುತ್ತದೆ. ಮೀನು ಮಾರುವವಳು ತುಳುವಿನಲ್ಲಿ ‘ದಾಯೆ’ ಎನ್ನುತ್ತಾಳೆ, ಕೊಳ್ಳುವವಳು ಕನ್ನಡದಲ್ಲಿ ‘ಏಕೆ’ ಎನ್ನುತ್ತಾಳೆ, ಪಕ್ಕದಲ್ಲಿ ಯಾರೋ ಕೊಂಕಣಿಯಲ್ಲಿ ‘ಕಿತ್ಯಾಕ್’ ಎನ್ನುತ್ತಾರೆ. ಆ ‘ಕಿತ್ಯಾಕ್’ ಬಹಳ ಸ್ವಾರಸ್ಯದ ಪದ. ‘ಕಿತೆಂ’ ಎಂದರೆ ಏನು. ಅದರ ಮೊದಲಿನ ‘ಕಿ’ ಇಂಗ್ಲಿಷಿನ ‘ವೈ’ಯ ಕುಲದ್ದು, ಅದೇ ಹಳೆಯ ‘ಕ್ವ’. ಕೊನೆಯ ‘ಕ್’ ಮಾತ್ರ ‘ಗೆ-ಕೆ’ ಎಂಬ ನಮ್ಮ ಅರ್ಥದ ಚತುರ್ಥಿ. ಬೀಜ ‘ವೈ’ಯದು, ಕಟ್ಟಡ ‘ಏಕೆ’ಯದು.

ಇಂಗ್ಲಿಷಿಗೂ ಒಂದು ಕಾಲಕ್ಕೆ ‘ಯಾವುದಕ್ಕಾಗಿ’ ಎನ್ನುವ ಇನ್ನೊಂದು ಪದವಿತ್ತು: ‘ವೇರ್‌ಫೋರ್’. ಷೇಕ್ಸ್‌ಪಿಯರನ ರೋಮಿಯೋ ಮತ್ತು ಜೂಲಿಯೆಟ್ ನಾಟಕದಲ್ಲಿ ಮೇಲಿನಿಂದ ಜೂಲಿಯೆಟ್ ‘ಓ ರೋಮಿಯೋ, ರೋಮಿಯೋ, ವೇರ್‌ಫೋರ್ ಆರ್ಟ್ ದೌ ರೋಮಿಯೋ’ ಎನ್ನುತ್ತಾಳೆ. ಎಷ್ಟೋ ಶಾಲಾ ಪ್ರದರ್ಶನಗಳಲ್ಲಿ ಹುಡುಗಿ ಹಣೆಯ ಮೇಲೆ ಕೈಯಿಟ್ಟು ಕತ್ತಲಲ್ಲಿ ಯಾರನ್ನೋ ಹುಡುಕುವಂತೆ ಇದನ್ನು ಹೇಳುತ್ತಾಳೆ. ‘ವೇರ್’ ಎಂದರೆ ಎಲ್ಲಿ ಅಲ್ಲವೇ ಎಂಬ ಊಹೆ ಅದರ ಹಿಂದಿದೆ. ಆದರೆ ಜೂಲಿಯೆಟ್ ಕೇಳುತ್ತಿರುವುದು ‘ನೀನು ರೋಮಿಯೋ ಏಕಾದೆ?’ ಎಂದು. ನಮ್ಮ ಮನೆತನಕ್ಕೆ ವೈರಿಯಾದ ಮನೆಯ ಹೆಸರು ನಿನಗೇ ಏಕೆ ಬರಬೇಕಿತ್ತು ಎಂದು. ಅವನು ಕೆಳಗೆ ತೋಟದಲ್ಲೇ ನಿಂತಿದ್ದಾನೆ, ಅದು ಅವಳಿಗೆ ತಿಳಿದಿಲ್ಲ. ಆದರೆ ಅವಳ ಸಂಕಟ ಅವನೆಲ್ಲಿ ಎಂಬುದರದಲ್ಲ, ಅವನ ಹೆಸರಿನದು. ಮುಂದಿನ ಸಾಲುಗಳೆಲ್ಲ ಹೆಸರಿನ ಬಗೆಗೇ ಇವೆ. ಈ ಒಂದು ಪದ ತಿಳಿಯದಿದ್ದರೆ ಆ ದೃಶ್ಯದ ನೋವೇ ಕೈತಪ್ಪಿಹೋಗುತ್ತದೆ. ಇಂಗ್ಲಿಷಿನಲ್ಲಿ ‘ವೇರ್‌ಫೋರ್’ ಸತ್ತಿತು, ಆದರೆ ಅದೇ ಜೋಡಣೆಯ ‘ವೊರ್‌ಫೋರ್’ ಡೆನ್ಮಾರ್ಕ್, ನಾರ್ವೆಗಳಲ್ಲಿ ಇಂದಿಗೂ ದಿನಬಳಕೆಯ ‘ಏಕೆ’. ಇಂಗ್ಲಿಷರು ಆ ಖಾಲಿ ಜಾಗವನ್ನು ‘ವಾಟ್ ಫಾರ್’ ಎಂದು ತುಂಬಿಕೊಂಡಿದ್ದಾರೆ.

‘ವೈ’ ಪ್ರಶ್ನೆಯೇ ಅಲ್ಲದ ಕಡೆಗಳನ್ನೂ ಹೇಳಬೇಕು, ಏಕೆಂದರೆ ಅನುವಾದಕರು ಎಡವುವುದು ಅಲ್ಲಿಯೇ. ಹಳೆಯ ನಾಟಕ-ಕಾದಂಬರಿಗಳಲ್ಲಿ ವಾಕ್ಯದ ಮೊದಲಿಗೆ ‘ವೈ’ ಎಂದು ಬಂದು ಅದರ ಮುಂದೆ ಅಲ್ಪವಿರಾಮ ಇದ್ದರೆ ಅದು ಉದ್ಗಾರ. ಜೂಲಿಯಸ್ ಸೀಸರ್ ನಾಟಕದಲ್ಲಿ ಕ್ಯಾಸಿಯಸ್ ‘ವೈ, ಮ್ಯಾನ್’ ಎಂದು ಶುರುಮಾಡಿ ಸೀಸರ್ ಈ ಕಿರಿದಾದ ಲೋಕದ ಮೇಲೆ ದೈತ್ಯನಂತೆ ಕಾಲು ಚಾಚಿ ನಿಂತಿದ್ದಾನೆ ಎನ್ನುತ್ತಾನೆ. ಅಲ್ಲಿ ‘ಏಕಯ್ಯಾ’ ಎಂದು ಅನುವಾದಿಸಿದರೆ ಕೆಟ್ಟಿತು, ‘ಏನಯ್ಯಾ ಹೇಳುತ್ತೀ!’ ಎಂಬುದು ಹತ್ತಿರ. ‘ವೈ ಡೋಂಟ್ ಯು ಸಿಟ್ ಡೌನ್’ ಎಂಬುದು ‘ನೀವು ಏಕೆ ಕೂರುವುದಿಲ್ಲ’ ಎಂಬ ವಿಚಾರಣೆಯಲ್ಲ, ‘ಕುಳಿತುಕೊಳ್ಳಬಾರದೇ’ ಎಂಬ ಉಪಚಾರ. ‘ವೈ ನಾಟ್’ ಎಂದರೆ ‘ಆಗಲಿ, ಅದಕ್ಕೇನಂತೆ’.

ಕೊನೆಗೆ ನನ್ನ ಮನಸ್ಸಿಗೆ ತೀರಾ ಹತ್ತಿರವಾದ ಸಂಗತಿಗೆ ಬರುತ್ತೇನೆ. ದಕ್ಷಿಣ ಭಾರತದ ತರಗತಿಗಳಲ್ಲಿ ಇಂಗ್ಲಿಷ್ ಪುಸ್ತಕ ತಿದ್ದಿದವರೆಲ್ಲ ಕಂಡಿರುವ ಒಂದು ಪ್ರಯೋಗವಿದೆ: ‘ವೈ ಬಿಕಾಸ್’. ‘ನಿನ್ನೆ ಶಾಲೆಗೆ ಬರಲಿಲ್ಲ, ವೈ ಬಿಕಾಸ್ ಜ್ವರ ಬಂದಿತ್ತು’ ಎಂಬ ಧಾಟಿಯಲ್ಲಿ ಮಕ್ಕಳು ಬರೆಯುತ್ತಾರೆ, ಹೇಳುತ್ತಾರೆ. ನಾನು ಏಳನೆಯ ತರಗತಿಯಲ್ಲಿದ್ದಾಗ ನನ್ನ ಪುಸ್ತಕದಲ್ಲಿಯೂ ಈ ಎರಡು ಪದಗಳ ಸುತ್ತ ಕೆಂಪು ಶಾಯಿಯ ದೊಡ್ಡ ವೃತ್ತ ಬಿದ್ದಿತ್ತು. ಆ ಪುಟವನ್ನು ಇಡೀ ತರಗತಿಗೆ ತೋರಿಸಲಾಯಿತು. ತಪ್ಪು ಎಂದು ಗೊತ್ತಾಯಿತು, ಏಕೆ ತಪ್ಪು ಎಂದು ಯಾರೂ ಹೇಳಲಿಲ್ಲ. ಅದು ಎಲ್ಲಿಂದ ಬಂತು ಎಂದು ಅಂತೂ ಕೇಳಲೇ ಇಲ್ಲ.

ಅದು ಬಂದದ್ದು ‘ಏಕೆಂದರೆ’ಯಿಂದ. ‘ಏಕೆ ಎಂದರೆ’, ಅಂದರೆ ‘ಏಕೆ ಎಂದು ನೀವು ಕೇಳಿದರೆ’. ಕೇಳುವವನ ಪ್ರಶ್ನೆಯನ್ನು ಹೇಳುವವನೇ ಮೊದಲು ಎತ್ತಿಕೊಂಡು, ಆಮೇಲೆ ಉತ್ತರ ಕೊಡುವ ರೀತಿ. ತೆಲುಗಿನ ‘ಎಂದುಕಂಟೇ’, ತಮಿಳಿನ ‘ಏನ್‌ಎನ್ರಾಲ್’ ಇದೇ ಅಚ್ಚಿನವು. ಹಿಂದಿಯ ‘ಕ್ಯೋಂಕಿ’ಯಲ್ಲಿಯೂ ಮೊದಲಿಗೆ ‘ಕ್ಯೋಂ’ ಇದೆ. ಇಟಾಲಿಯನ್ನಿನಲ್ಲಂತೂ ‘ಪೆರ್ಕೆ’ ಎಂಬ ಒಂದೇ ಪದ ಪ್ರಶ್ನೆಯೂ ಹೌದು, ಉತ್ತರವೂ ಹೌದು. ಮಗುವಿನ ಮನಸ್ಸು ‘ಏಕೆಂದರೆ’ಯಲ್ಲಿ ‘ಏಕೆ’ಯನ್ನು ಸರಿಯಾಗಿಯೇ ಗುರುತಿಸಿತ್ತು, ಅದನ್ನು ಬಿಟ್ಟುಬಿಡಲು ಅದಕ್ಕೆ ಕಾರಣ ಕಾಣಲಿಲ್ಲ.

ಇಂಗ್ಲಿಷಿನಲ್ಲಿ ‘ಬಿಕಾಸ್’ ಎಂಬುದನ್ನು ಬಿಡಿಸಿದರೆ ‘ಬೈ ಕಾಸ್’, ಅಂದರೆ ಅಕ್ಷರಶಃ ‘ಕಾರಣದಿಂದ’. ಇದು ಹದಿನಾಲ್ಕನೆಯ ಶತಮಾನದಲ್ಲಿ ಫ್ರೆಂಚಿನ ಪ್ರಭಾವದಿಂದ ಬಂದ ಪದ. ‘ಯಾವುದರಿಂದ’ ಎಂಬ ಪ್ರಶ್ನೆಗೆ ‘ಕಾರಣದಿಂದ’ ಎಂಬ ಉತ್ತರ: ಎರಡರಲ್ಲೂ ಅದೇ ‘ಇಂದ’. ಇದನ್ನು ಹೇಳಿಕೊಟ್ಟರೆ ‘ಬಿಕಾಸ್’ ಒಂದೇ ಸಾಕು, ಅದರ ಹಿಂದೆ ಮತ್ತೊಂದು ‘ವೈ’ ಬೇಡ ಎಂಬುದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ಪರೀಕ್ಷೆಯಲ್ಲಿ ‘ವೈ ಬಿಕಾಸ್’ ಬರೆಯಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಗ್ಲಿಷರೇ ಶತಮಾನಗಳ ಕಾಲ ‘ಏಕೆಂದರೆ’ ಎನ್ನಲು ‘ಫಾರ್ ವೈ’ ಎಂದು ಹೇಳುತ್ತಿದ್ದರು ಎಂಬುದನ್ನೂ ಆ ಮಗು ತಿಳಿಯಬೇಕು. ಪ್ರಶ್ನೆಯ ಪದವೇ ಉತ್ತರದ ಪದವಾಗುವುದು ಅವರಲ್ಲೂ ನಡೆದಿತ್ತು.

ಅದಕ್ಕೆ ಸಾಕ್ಷಿ ಒಂದು ಕೀರ್ತನೆಯಲ್ಲಿ ಉಳಿದಿದೆ. ಬೈಬಲಿನ ನೂರನೆಯ ಕೀರ್ತನೆಯನ್ನು ವಿಲಿಯಂ ಕೇತ್ 1561ರ ಸುಮಾರಿಗೆ ಇಂಗ್ಲಿಷ್ ಪದ್ಯವಾಗಿಸಿದ. ಅದನ್ನು ಇಂದಿಗೂ ಜಗತ್ತಿನ ಚರ್ಚುಗಳಲ್ಲಿ ಹಾಡುತ್ತಾರೆ. ಅದರ ಒಂದು ಸಾಲು ‘ಫಾರ್ ವೈ’ ಎಂದು ಶುರುವಾಗಿ ನಮ್ಮ ದೇವರು ಒಳ್ಳೆಯವನು ಎಂದು ಮುಂದುವರಿಯುತ್ತದೆ. ಕೇತ್ ಬರೆದದ್ದು ‘ಏಕೆಂದರೆ ನಮ್ಮ ದೇವರು ಒಳ್ಳೆಯವನು’ ಎಂದು. ಕಾಲ ಸರಿದು ‘ಫಾರ್ ವೈ’ಗೆ ಆ ಅರ್ಥವಿತ್ತೆಂಬುದು ಜನರಿಗೆ ಮರೆತುಹೋಯಿತು. ಈಗ ಅನೇಕ ಹಾಡಿನ ಪುಸ್ತಕಗಳಲ್ಲಿ ಆ ಎರಡು ಪದಗಳ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ: ‘ಏಕೆ? ನಮ್ಮ ದೇವರು ಒಳ್ಳೆಯವನು.’ ಹಾಡುವವರು ಅಲ್ಲಿ ಒಂದು ಕ್ಷಣ ಪ್ರಶ್ನೆ ಕೇಳಿ, ಮರುಕ್ಷಣವೇ ತಾವೇ ಉತ್ತರ ಹೇಳುತ್ತಾರೆ.